ಕೈ ಕಲಿಯದ ಪಾಠ

ನಲವತ್ತಕ್ಕೆ ಹದಿಮೂರು. ದೊಡ್ಡಕ್ಕ ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದಳು, ದೂರ ಹಿಡಿದು ನೋಡಿದಳು, ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ನೋಡಿದಳು. ಹದಿಮೂರು ಹದಿಮೂರಾಗಿಯೇ ಕೂತಿತ್ತು. ಪಕ್ಕದವಳ ಹಾಳೆ ಅದಲು ಬದಲಾಗಿ ತನ್ನ ಮೇಜಿಗೆ ಬಂದಿರಬೇಕು ಎಂದುಕೊಂಡು ಮೇಲಿನ ಹೆಸರು ಓದಿದಳು. ಹೆಸರು ಅವಳದೇ. ಬರೆದ ಅಕ್ಷರವೂ ಅವಳದೇ. ಮೂರನೇ ಪ್ರಶ್ನೆಯ ಕೆಳಗೆ 'ಇದು ನನಗೆ ಗೊತ್ತು, ಈಗ ನೆನಪಾಗುತ್ತಿಲ್ಲ' ಎಂದು ಬರೆದು ಗೆರೆ ಎಳೆದವಳೂ ಅವಳೇ.

ಇಂಥ ಪರೀಕ್ಷೆ ಕೊಡುವವರಿಗೆ ದೂರದಿಂದಲೇ ಕೈ ಮುಗಿಯಬೇಕು. ಹಿಂದಿನ ದಿನ ಮೇಡಂ ತಣ್ಣಗೆ ಕ್ಲಾಸಿಗೆ ಬಂದು, ಪುಸ್ತಕ ಮುಚ್ಚಿಸಿ, ಒಂದು ಪ್ರಶ್ನೆಪತ್ರಿಕೆ ಹಂಚಿದ್ದರು. ಇದರ ಅಂಕ ಎಲ್ಲಿಗೂ ಸೇರುವುದಿಲ್ಲ, ಹೆದರಬೇಡಿ ಎಂದಿದ್ದರು. ಹದಿನಾಲ್ಕು ತಿಂಗಳ ಹಿಂದೆ, ಕೋರ್ಸಿನ ಮೊದಲ ಭಾಗ ಮುಗಿದಾಗ ಕೊಟ್ಟ ಅದೇ ಪತ್ರಿಕೆ, ಒಂದು ಚುಕ್ಕೆಯೂ ಬದಲಾಗಿರಲಿಲ್ಲ. ಆಗ ದೊಡ್ಡಕ್ಕನಿಗೆ ಬಂದದ್ದು ಮೂವತ್ತೆಂಟು. ಇಡೀ ಕ್ಲಾಸಿಗೇ ಹೆಚ್ಚು. ಆ ಹಾಳೆಯನ್ನು ಅತ್ತೆ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ಮನೆಗೆ ನೀರಿನ ಕ್ಯಾನ್ ಹಾಕುವವನಿಗೂ ತೋರಿಸಿದ್ದರು.

ದೊಡ್ಡಕ್ಕನ ಬಗ್ಗೆ ಎರಡು ಮಾತು ಹೇಳಲೇಬೇಕು. ವಯಸ್ಸು ನಲವತ್ತಾರು. ಇಪ್ಪತ್ತೆರಡಕ್ಕೆ ನರ್ಸಾಗಿ ಆ ದೊಡ್ಡ ಆಸ್ಪತ್ರೆ ಸೇರಿದವಳು, ಅಲ್ಲಿಂದ ಇಲ್ಲಿಯವರೆಗೆ ಒಂದೇ ವಾರ್ಡು, ಪಾರ್ಶ್ವವಾಯು ಬಡಿದವರ ವಾರ್ಡು. ಡಾಕ್ಟರುಗಳು ಬಂದರು, ಹೋದರು. ಮಂಚಗಳು ಬದಲಾದವು, ಗೋಡೆಯ ಬಣ್ಣ ಮೂರು ಸಲ ಬದಲಾಯಿತು. ಅವಳು ಮಾತ್ರ ಅಲ್ಲೇ. ಹೊಸದಾಗಿ ಬಂದ ಡಾಕ್ಟರುಗಳು ಓರೆಗಣ್ಣಿನಲ್ಲಿ ಅವಳ ಮುಖ ನೋಡಿ ಔಷಧಿ ಬರೆಯುತ್ತಿದ್ದರು. ಅವಳ ಹುಬ್ಬು ಏರಿತೋ, ಬರೆದದ್ದನ್ನು ಹೊಡೆದು ಹಾಕುತ್ತಿದ್ದರು. ಹೀಗೆ ಇನ್ನೊಬ್ಬರ ಪೆನ್ನಿನಲ್ಲಿ ಎಷ್ಟು ವರ್ಷ ಔಷಧಿ ಬರೆಸುವುದು ಅನ್ನಿಸಿ, ನಲವತ್ತೈದು ತುಂಬುವ ಹೊತ್ತಿಗೆ ಈ ಎರಡು ವರ್ಷದ ಕೋರ್ಸಿಗೆ ಸೇರಿದ್ದಳು. ಮುಗಿಸಿದರೆ ನರ್ಸ್ ಪ್ರಾಕ್ಟೀಷನರ್. ರೋಗಿಯನ್ನು ತಾನೇ ಪರೀಕ್ಷಿಸಬಹುದು, ತಾನೇ ಔಷಧಿ ಬರೆಯಬಹುದು. ನಗರದಾಚೆ ಬಸ್ಸು ತಿರುಗುವ ಕೊನೆಯ ನಿಲ್ದಾಣದ ಹತ್ತಿರ ಎರಡು ಕೋಣೆಯ ಒಂದು ಕ್ಲಿನಿಕ್ಕು, ಡಾಕ್ಟರಿಲ್ಲದೆ ಮೂರು ವರ್ಷದಿಂದ ಬೀಗ ಹಾಕಿಕೊಂಡಿತ್ತು. ಪಾಸಾದರೆ ಅದು ನಿಮಗೇ ಎಂದು ಆಸ್ಪತ್ರೆಯವರು ಬಾಯಿಬಿಟ್ಟು ಹೇಳಿದ್ದರು. ಅಲ್ಲಿ ಅವಳೊಬ್ಬಳೇ.

ಗಂಡ ಮರಗೆಲಸದವನು. ಹೆಂಡತಿ ಓದಲು ಕೂತಾಗ ರಂದಾ ಹೊಡೆಯುವುದನ್ನು ನಿಲ್ಲಿಸಿ ಉಪ್ಪುಕಾಗದ ಉಜ್ಜುವ ಕೆಲಸ ಹಿಡಿಯುವಷ್ಟು ಒಳ್ಳೆಯವನು. ಅತ್ತೆಯಂತೂ ಬೀದಿಯಲ್ಲಿ ಸಿಕ್ಕವರಿಗೆಲ್ಲ, ನಮ್ಮ ಸೊಸೆ ಮುಕ್ಕಾಲು ಡಾಕ್ಟರು, ಇನ್ನು ಕಾಲು ಬಾಕಿ ಎಂದು ಸಾರಿಕೊಂಡು ಬರುತ್ತಿದ್ದರು.

ಮೂವತ್ತೆಂಟು ಬಂದ ಆ ವಿಷಯಕ್ಕೆ ಕ್ಲಾಸಿನವರು ಇಟ್ಟ ಹೆಸರು 'ಪುರಾವೆ ಪಾಠ'. ಹೀಗೇ ಮಾಡುತ್ತಾ ಬಂದಿದ್ದೇವೆ ಅನ್ನುವುದು ಕಾರಣವಲ್ಲ, ನೀನು ಮಾಡುವ ಕೆಲಸಕ್ಕೆ ಪುರಾವೆ ಏನು ಎಂದು ಕೇಳಿಕೊಳ್ಳುವುದು ಅದರ ತಿರುಳು. ಪ್ರಶ್ನೆಯನ್ನು ಸರಿಯಾಗಿ ಕಟ್ಟುವುದು, ಅಧ್ಯಯನಗಳನ್ನು ಹುಡುಕುವುದು, ಗಟ್ಟಿ ಯಾವುದು ಜೊಳ್ಳು ಯಾವುದು ಎಂದು ತೂಗುವುದು, ಆಮೇಲೆ ಕೈ ಹಾಕುವುದು. ದೊಡ್ಡಕ್ಕ ಅದರಲ್ಲಿ ಬರೆದ ಪ್ರಬಂಧವೂ ಸಣ್ಣದಲ್ಲ. ನುಂಗಲಾಗದ ರೋಗಿಗೆ ಮೂಗಿನಿಂದ ಹೊಟ್ಟೆಗೆ ಟ್ಯೂಬು ಇಳಿಸುತ್ತಾರೆ, ಅದರಲ್ಲಿ ಫೀಡು, ಅಂದರೆ ತೆಳ್ಳಗಿನ ಆಹಾರ, ಬಿಡುತ್ತಾರೆ. ಟ್ಯೂಬು ಹೊಟ್ಟೆಗೇ ಇಳಿಯಿತೋ, ದಾರಿ ತಪ್ಪಿ ಶ್ವಾಸಕೋಶಕ್ಕೆ ಹೋಯಿತೋ ತಿಳಿಯಲು ಹಳೇ ನರ್ಸುಗಳದ್ದು ಒಂದು ಉಪಾಯ. ಸಿರಿಂಜಿನಿಂದ ಗಾಳಿ ತಳ್ಳಿ, ಹೊಟ್ಟೆಯ ಮೇಲೆ ಸ್ಟೆತಾಸ್ಕೋಪು ಇಟ್ಟು ಕೇಳುವುದು. ಗುಳ್ ಎಂದರೆ ಹೊಟ್ಟೆ. ಕೆಲಸಕ್ಕೆ ಸೇರಿದ ಎರಡನೇ ದಿನ ವಾರ್ಡಿನ ಹಿರಿಯ ಸಿಸ್ಟರ್ ತಮ್ಮ ಸ್ಟೆತಾಸ್ಕೋಪನ್ನೇ ಅವಳ ಕಿವಿಗೆ ಸಿಕ್ಕಿಸಿ ಆ ಗುಳ್ ಕೇಳಿಸಿದ್ದರು. ಆ ಸದ್ದು ಟ್ಯೂಬು ಶ್ವಾಸಕೋಶದಲ್ಲಿದ್ದರೂ ಕೇಳಬಹುದು, ಅದನ್ನು ನಂಬಿ ಫೀಡು ಬಿಟ್ಟು ಜನ ಸತ್ತಿದ್ದಾರೆ ಎಂದು ಹನ್ನೊಂದು ಅಧ್ಯಯನ ಮುಂದಿಟ್ಟು ತೋರಿಸಿದವಳು ದೊಡ್ಡಕ್ಕ. ಟ್ಯೂಬಿನಿಂದ ನಾಲ್ಕು ಹನಿ ಹೊರಗೆಳೆದು ಬಣ್ಣದ ಕಾಗದದ ಮೇಲೆ ಬಿಡಬೇಕು, ಹೊಟ್ಟೆಯ ಹುಳಿ ತಾಗಿದರೆ ಕಾಗದದ ಬಣ್ಣ ತಿರುಗುತ್ತದೆ. ತಿರುಗದಿದ್ದರೆ, ಹನಿಯೇ ಬರದಿದ್ದರೆ, ಎಕ್ಸ್‌ರೇ. ಆಸ್ಪತ್ರೆ ಆ ಪ್ರಬಂಧವನ್ನೇ ನಿಯಮ ಮಾಡಿ ಅಚ್ಚು ಹಾಕಿ ವಾರ್ಡು ವಾರ್ಡಿಗೆ ತೂಗು ಹಾಕಿತ್ತು. ಕೆಳಗೆ ಸಣ್ಣಕ್ಷರದಲ್ಲಿ ಅವಳ ಹೆಸರು.

ಹಾಗಿದ್ದವಳಿಗೆ ಹದಿಮೂರು.

ಉಳಿದವರದ್ದೂ ಇಳಿದಿತ್ತು. ಒಬ್ಬಳಿಗೆ ಇಪ್ಪತ್ತೆರಡು, ಒಬ್ಬನಿಗೆ ಹತ್ತೊಂಬತ್ತು. ಪ್ರತಿ ವರ್ಷ ಹೀಗೇ ಆಗುತ್ತದೆ ಎಂದರು ಮೇಡಂ. ಒಂದು ಪಾಠ ಮುಗಿಯಿತು ಎಂದು ಗಂಟು ಕಟ್ಟಿ ಅಟ್ಟಕ್ಕೆ ಹಾಕುತ್ತೀರಿ, ಆಮೇಲೆ ಹೃದಯ, ಮೂತ್ರಪಿಂಡ, ಔಷಧಿಯ ಲೆಕ್ಕ ಎಂದು ತಲೆಗೆ ತುರುಕುತ್ತೀರಿ, ವರ್ಷವಾದ ಮೇಲೆ ಅಟ್ಟದಲ್ಲಿ ಏನಿದೆ ಎಂದು ನೋಡಿದವರಿಲ್ಲ ಎಂದರು. ಆದರೆ ಇಷ್ಟು ಎತ್ತರದಿಂದ ಇಷ್ಟು ಕೆಳಗೆ ಬಿದ್ದವರನ್ನು ತಾನು ನೋಡಿರಲಿಲ್ಲ ಎಂಬುದನ್ನೂ ಅವರು ಮುಚ್ಚಿಡಲಿಲ್ಲ. ಹತ್ತು ದಿನಕ್ಕೆ ಕೊನೆಯ ಮೌಖಿಕ ಪರೀಕ್ಷೆ. ಅದರ ಅಂಕ ಸೇರುತ್ತದೆ. ಅದರಲ್ಲಿ ಹೋದರೆ ಇನ್ನಾರು ತಿಂಗಳು, ಅಷ್ಟರಲ್ಲಿ ಕ್ಲಿನಿಕ್ಕು ಇನ್ನೊಬ್ಬರ ಪಾಲಾಗುತ್ತದೆ.

ದೊಡ್ಡಕ್ಕನ ಮುಖ ಕೆಂಪೇರಿತ್ತು. ಕ್ಲಾಸು ಖಾಲಿಯಾಗುವವರೆಗೂ ಕೂತಿದ್ದು ಮೇಡಂ ಹತ್ತಿರ ಹೋದಳು.

"ಮೇಡಂ, ಕಾಗದದ ಮೇಲೆ ಮರ್ತಿರಬಹುದು. ವಾರ್ಡಲ್ಲಿ ಮರ್ತಿಲ್ಲ. ನಾನೇ ಬರೆದ ನಿಯಮ ಅದು, ದಿನಾ ಮಾಡ್ತಿದೀನಿ."

ಮೇಡಂ, ಹಾಗಾದರೆ ಒಳ್ಳೆಯದೇ ಎಂದಷ್ಟೇ ಹೇಳಿ ಚೀಲ ಹೆಗಲಿಗೆ ಹಾಕಿಕೊಂಡರು.

ಆ ಹತ್ತು ದಿನ ಮನೆಯಲ್ಲಿ ದೊಡ್ಡಕ್ಕನನ್ನು ಮಾತನಾಡಿಸಿದವರೇ ಪಾಪಿಗಳು. ಅಟ್ಟದಿಂದ ಹಳೇ ನೋಟುಪುಸ್ತಕ ಇಳಿಸಿದಳು. ನಿಜವಾದ ಅಟ್ಟವೇ, ಅಲ್ಲಿ ಗಂಡನ ಮುರಿದ ಗರಗಸಗಳ ಕೆಳಗಿದ್ದವು. ಹನ್ನೊಂದು ಅಧ್ಯಯನಗಳನ್ನು ಮತ್ತೆ ಓದಿದಳು. ಬೆಳಗ್ಗೆ ಒಲೆಯ ಮುಂದೆ ನಿಂತು ಬಾಯಿಪಾಠ, ಬಸ್ಸಿನಲ್ಲಿ ಬಾಯಿಪಾಠ. ಗಂಡನನ್ನು ಕೂರಿಸಿಕೊಂಡು ಪ್ರಶ್ನೆ ಕೇಳಿಸಿಕೊಂಡಳು. ಅವನಿಗೆ ಒಂದಕ್ಷರ ಅರ್ಥವಾಗದಿದ್ದರೂ ಬೆರಳಿಟ್ಟುಕೊಂಡು ಓದಿ, ಅವಳು ಹೇಳಿದ್ದು ಪುಸ್ತಕದಲ್ಲಿರುವುದಕ್ಕೆ ತಾಳೆಯಾಯಿತೇ ಎಂದು ನೋಡಿ ತಲೆಯಾಡಿಸುತ್ತಿದ್ದ. ಅತ್ತೆ ಫ್ರಿಜ್ಜಿನ ಮೇಲಿನ ಹಳೇ ಹಾಳೆಯನ್ನು ನೋಡಿ, ಹೋದ ಸಲ ಮೂವತ್ತೆಂಟು ತೆಗೆದೋಳು ಈ ಸಲ ಆ ಎರಡನ್ನಾದರೂ ಯಾಕೆ ಬಿಡ್ತಾಳೆ ಎಂದರು. ಹದಿಮೂರರ ಸುದ್ದಿಯನ್ನು ಅವರಿಗೆ ಯಾರೂ ಹೇಳಿರಲಿಲ್ಲ.

ಮೌಖಿಕ ಪರೀಕ್ಷೆ ಬೆಳಗ್ಗೆ ಹತ್ತಕ್ಕೆ. ಮೇಡಂ ಮತ್ತು ಹೊರಗಿನಿಂದ ಬಂದ ಇಬ್ಬರು ಮುಕ್ಕಾಲು ಗಂಟೆ ಹಿಂಡಿದರು. ದೊಡ್ಡಕ್ಕ ಎಲ್ಲೂ ತಡವರಿಸಲಿಲ್ಲ. ಟ್ಯೂಬಿನ ಪ್ರಶ್ನೆ ಬಂದಾಗಲಂತೂ ಅರಳು ಹುರಿದಂತೆ ಮಾತಾಡಿದಳು. ಗಾಳಿ ತಳ್ಳಿ ಕೇಳುವುದು ಏಕೆ ಅಪಾಯ, ಯಾವ ಅಧ್ಯಯನ ಎಷ್ಟು ಜನರ ಮೇಲೆ ನಡೆದದ್ದು, ಕಾಗದದ ಬಣ್ಣ ಯಾವಾಗ ಮೋಸ ಮಾಡಬಹುದು, ಎಲ್ಲ. ಹೊರಗಿನಿಂದ ಬಂದವರಲ್ಲಿ ಒಬ್ಬರು, ಇವರನ್ನ ಕೇಳೋದೇನಿದೆ, ನಾವೇ ಕೇಳಿಸ್ಕೊಬೇಕು ಎಂದು ನಕ್ಕರು. ಮೇಡಂ ಅಂಕಪಟ್ಟಿಯಲ್ಲಿ ಮೂವತ್ತೊಂಬತ್ತು ಬರೆದು, ಸಹಿ ಹಾಕಿ, ಸಂಜೆಯೊಳಗೆ ಇದು ಕಚೇರಿಗೆ ಹೋಗುತ್ತದೆ ಎಂದರು. ದೊಡ್ಡಕ್ಕ ಹೊರಗೆ ಬಂದು ಗಂಡನಿಗೆ ಫೋನು ಮಾಡಿದಾಗ ಅತ್ತಲಿಂದ ಅವನು ಮೂಗು ಸೀಟಿದ ಸದ್ದು ಕೇಳಿಸಿತು.

ಮಧ್ಯಾಹ್ನ ಎರಡಕ್ಕೆ ಅವಳಿಗೆ ಡ್ಯೂಟಿ. ಹೊಟ್ಟೆಗೆ ಏನೂ ಬಿದ್ದಿರಲಿಲ್ಲ, ಆದರೂ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ವಾರ್ಡಿನ ಕೊನೆಯ ಆರು ಮಂಚಗಳು ಅವಳವು, ಅವುಗಳ ಪಕ್ಕದ ತಳ್ಳುಗಾಡಿ ಅವಳದು. ನಾಲ್ಕನೇ ಮಂಚದಲ್ಲಿ ಒಬ್ಬರು ಗಡಿಯಾರ ರಿಪೇರಿಯವರು. ಎಂಟು ದಿನದ ಹಿಂದೆ ಪಾರ್ಶ್ವವಾಯು ಬಡಿದು ಬಲಗಡೆ ಹೋಗಿತ್ತು, ಮಾತು ಹೋಗಿತ್ತು, ನುಂಗುವುದೂ ಹೋಗಿತ್ತು. ಪಕ್ಕದ ಸ್ಟೂಲಿನಲ್ಲಿ ಅವರ ಹೆಂಡತಿ. ಬಡಕಲು ಮೈಯ ಹೆಂಗಸು. ನಲವತ್ತು ವರ್ಷ ಗಂಡನ ಅಂಗಡಿಯಲ್ಲಿ ಕೂತು, ಕಳಚಿದ ಗಡಿಯಾರದ ತಿರುಪುಗಳನ್ನು ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಡುವುದು ಆಕೆಯ ಕೆಲಸವಾಗಿತ್ತಂತೆ. ಆಸ್ಪತ್ರೆಯಲ್ಲೂ ಆಕೆಯ ಕಣ್ಣು ತಪ್ಪಿಸಿ ಏನೂ ಆಗುತ್ತಿರಲಿಲ್ಲ.

ಆ ಮಧ್ಯಾಹ್ನ ಗಡಿಯಾರದವರು ಸ್ವಾಧೀನವಿದ್ದ ಎಡಗೈಯಿಂದ ಮೂಗಿನ ಟ್ಯೂಬನ್ನು ಕಿತ್ತು ಹಾಕಿದ್ದರು. ಹೊಸದನ್ನು ಇಳಿಸಬೇಕಿತ್ತು. ದೊಡ್ಡಕ್ಕ ಪರದೆ ಎಳೆದಳು, ಅವರನ್ನು ಎತ್ತಿ ಕೂರಿಸಿದಳು, ಟ್ಯೂಬಿನ ಉದ್ದವನ್ನು ಮೂಗಿನಿಂದ ಕಿವಿಗೆ, ಕಿವಿಯಿಂದ ಎದೆಯ ಕೆಳಗೆ ಅಳೆದಳು. ಗದ್ದ ತಗ್ಗಿಸಿ, ಹಾಂ, ಇನ್ನೂ ಸ್ವಲ್ಪ ತಗ್ಗಿಸಿ ಎಂದು ಪುಸಲಾಯಿಸುತ್ತಾ ಇಳಿಸಿದಳು. ಅವರು ಕೆಮ್ಮಲಿಲ್ಲ, ಮುಖ ಸಿಂಡರಿಸಲಿಲ್ಲ. ಟೇಪು ಹಚ್ಚಿದಳು. ಅಷ್ಟೂ ಹೊತ್ತು ಅವರ ಹೆಂಡತಿಗೆ ಬೆಳಗಿನ ಪರೀಕ್ಷೆಯ ಕಥೆ ಹೇಳುತ್ತಿದ್ದಳು, ಇನ್ನೊಂದು ತಿಂಗಳಿಗೆ ತನ್ನದೇ ಕ್ಲಿನಿಕ್ಕು ಎಂದು. ಆಕೆಯೂ ಖುಷಿಯಿಂದ ಕೇಳುತ್ತಿದ್ದರು. ಫೀಡಿನ ಬಾಟಲಿ ಸ್ಟ್ಯಾಂಡಿಗೆ ಏರಿತು, ಕೊಳವೆ ಟ್ಯೂಬಿನ ಬಾಯಿಗೆ ಹತ್ತಿರ ಬಂತು.

"ಇವತ್ತು ಆ ಬಣ್ಣದ ಕಾಗದ ಹಾಕಲ್ವಾ, ಸಿಸ್ಟರ್?"

ಗಡಿಯಾರದವರ ಹೆಂಡತಿ ಕೇಳಿದ್ದು ಅಷ್ಟೇ. ತಪ್ಪು ಹಿಡಿಯುವ ದನಿಯಲ್ಲ, ತಿಳಿದುಕೊಳ್ಳುವ ದನಿ. ದೊಡ್ಡಕ್ಕ ನಗುತ್ತಲೇ, ಹಾಕಿದೆನಲ್ಲಮ್ಮಾ, ಈಗ ತಾನೇ ನೋಡಿದೆ ಎಂದಳು.

"ಇಲ್ಲ. ನೀವು ಗಾಳಿ ಹಾಕಿ ಕೇಳಿಸ್ಕೊಂಡ್ರಿ. ಹೋದ ಸಲ ಆ ಚಿಕ್ಕ ಸಿಸ್ಟರ್ ಎರಡೆರಡು ಸಲ ಕಾಗದ ಹಾಕಿದ್ರು, ಅದಕ್ಕೆ ಕೇಳ್ದೆ."

ದೊಡ್ಡಕ್ಕ ತನ್ನ ಕೈ ನೋಡಿಕೊಂಡಳು. ಬಲಗೈಯಲ್ಲಿ ಫೀಡಿನ ಕೊಳವೆ. ಹಾಸಿಗೆಯ ಮೇಲೆ ದೊಡ್ಡ ಸಿರಿಂಜು, ಖಾಲಿ, ಹಿಡಿಕೆ ಪೂರ್ತಿ ಒತ್ತಿದ್ದು. ಕೊರಳಲ್ಲಿ ಸ್ಟೆತಾಸ್ಕೋಪು, ರೋಗಿಯ ಮೈಬಿಸಿ ಇನ್ನೂ ಆರದದ್ದು. ತಳ್ಳುಗಾಡಿಯಲ್ಲಿ ಕಾಗದದ ಡಬ್ಬಿ ಮುಚ್ಚಿದ ಹಾಗೇ ಇತ್ತು. ಗುಳ್ ಎಂದದ್ದು ಅವಳಿಗೆ ನೆನಪಿತ್ತು. ಗಾಳಿ ತಳ್ಳಿದ್ದು ನೆನಪಿರಲಿಲ್ಲ.

ಕೊಳವೆಯನ್ನು ಮೇಲಕ್ಕೆ ಸಿಕ್ಕಿಸಿ, ಸಿರಿಂಜನ್ನು ಟ್ಯೂಬಿಗೆ ಹಾಕಿ ಎಳೆದಳು. ಒಂದು ಹನಿಯೂ ಬರಲಿಲ್ಲ. ರೋಗಿಯನ್ನು ಎಡಕ್ಕೆ ಹೊರಳಿಸಿ ಎಳೆದಳು. ಬರಲಿಲ್ಲ. ಇನ್ನೊಂದು ಬದಿಯ ಮಂಚಗಳನ್ನು ನೋಡಿಕೊಳ್ಳುವ ಚಿಕ್ಕ ಸಿಸ್ಟರ್, ವಾರ್ಡಿನವರೆಲ್ಲ ಗುಬ್ಬಿ ಎಂದು ಕರೆಯುವ ಹುಡುಗಿ, ಕರೆಯದೆಯೇ ಬಂದು ಪರದೆಯ ಸಂದಿಯಿಂದ ಇಣುಕಿದಳು. ಎಕ್ಸ್‌ರೇಗೆ ಹೇಳು ಎಂದಳು ದೊಡ್ಡಕ್ಕ.

ಇಪ್ಪತ್ತು ನಿಮಿಷದಲ್ಲಿ ಚಿತ್ರ ಬಂತು. ವಾರ್ಡಿನ ಡಾಕ್ಟರು ಪರದೆಯ ಮೇಲೆ ಬೆರಳಿಟ್ಟು ತೋರಿಸಬೇಕಾದ ಅಗತ್ಯವೇ ಇರಲಿಲ್ಲ. ಟ್ಯೂಬಿನ ಬಿಳಿ ಗೆರೆ ನಡುವಿನಲ್ಲಿ ಬಲಕ್ಕೆ ತಿರುಗಿ, ಬಲ ಶ್ವಾಸಕೋಶದ ತಳದಲ್ಲಿ ಸುರುಳಿಯಾಗಿ ಕೂತಿತ್ತು. ಆಕೆ ಕೇಳದೆ ಇದ್ದಿದ್ದರೆ ಒಂದು ಬಾಟಲಿ ಫೀಡು ಅಲ್ಲಿಗೆ ಹೋಗುತ್ತಿತ್ತು. ಕೆಮ್ಮುವ ಶಕ್ತಿಯೂ ಇಲ್ಲದ ಮನುಷ್ಯ ಸದ್ದಿಲ್ಲದೆ ಮುಳುಗಿ ಹೋಗುತ್ತಿದ್ದರು. ಹತ್ತು ಗಂಟೆಗೆ ಇದೇ ಮಾತನ್ನು ಅಂಕಿ ಅಂಶ ಸಮೇತ ಮೂವರ ಮುಂದೆ ಹೇಳಿ, ಎರಡೂವರೆ ಗಂಟೆಗೆ ಅದನ್ನೇ ಮಾಡಿದ್ದಳು. ಡಾಕ್ಟರು, ಸಕಾಲಕ್ಕೆ ಹಿಡಿದಿರಿ ದೊಡ್ಡಕ್ಕ ಎಂದು ಬೆನ್ನು ತಟ್ಟಿದಾಗ ಅವಳು ಪಕ್ಕಕ್ಕೆ ಸರಿದಳು.

ಟ್ಯೂಬು ತೆಗೆದು, ಗುಬ್ಬಿಯ ಕೈಯಲ್ಲಿ ಹೊಸದು ಹಾಕಿಸಿ, ಕಾಗದದ ಬಣ್ಣ ನೋಡಿ, ಮತ್ತೊಂದು ಎಕ್ಸ್‌ರೇ ತೆಗೆಸಿದ ಮೇಲೆ ದೊಡ್ಡಕ್ಕ ಗಡಿಯಾರದವರ ಹೆಂಡತಿಯ ಮುಂದೆ ಕೂತಳು. ಆಗಿದ್ದನ್ನು ಒಂದೂ ಬಿಡದೆ ಹೇಳಿದಳು. ನಾನು ಹಿಡಿದದ್ದಲ್ಲ, ನೀವು ಹಿಡಿದದ್ದು. ನೀವು ಕೇಳದೆ ಇದ್ದಿದ್ದರೆ ನಾನು ಫೀಡು ಬಿಟ್ಟುಬಿಡುತ್ತಿದ್ದೆ ಎಂದಳು. ಆಕೆ ಗಂಡನ ಎಡಗೈಯನ್ನು ಎತ್ತಿ ತನ್ನ ಮಡಿಲಿಗೆ ಹಾಕಿಕೊಂಡರು. ಕೊನೆಗೆ, ನಿಮಗೆ ಇದು ಗೊತ್ತಿರ್ಲಿಲ್ವಾ ಎಂದು ಕೇಳಿದರು. ಗೊತ್ತಿತ್ತು ಎಂದಳು ದೊಡ್ಡಕ್ಕ. ಆಕೆಗೆ ಅದು ಅರ್ಥವಾಗಲಿಲ್ಲ. ದೊಡ್ಡಕ್ಕನಿಗೂ ಆಗಿರಲಿಲ್ಲ.

ಅವಘಡದ ಪುಸ್ತಕದಲ್ಲಿ ಬರೆದದ್ದಾಯಿತು. ಅಲ್ಲಿಗೆ ನಿಲ್ಲಿಸಬಹುದಿತ್ತು. ಪರೀಕ್ಷೆಯ ಸುಸ್ತು, ಹಸಿದ ಹೊಟ್ಟೆ, ಖುಷಿಯಲ್ಲಿ ಮೈಮರೆವು, ಒಂದು ಸಲದ ತಪ್ಪು. ಎಲ್ಲರೂ ಅವಳಿಗೆ ಅದನ್ನೇ ಹೇಳಿದರು, ಗುಬ್ಬಿ ಎರಡು ಸಲ ಹೇಳಿದಳು. ಆದರೆ ಹತ್ತು ದಿನ ಬಾಯಿಪಾಠ ಮಾಡಿದ ಪಾಠ ತಲೆಯಲ್ಲಿ ಹಸಿಯಾಗಿತ್ತಲ್ಲ, ಅದು ಸುಮ್ಮನಿರಲು ಬಿಡಲಿಲ್ಲ. ಒಂದು ಸಲ ಎನ್ನುವುದಕ್ಕೆ ಪುರಾವೆ ಏನು?

ಅವಳು ಟ್ಯೂಬಿನ ರಿಜಿಸ್ಟರು ತೆಗೆದಳು. ಅವಳದೇ ಪ್ರಬಂಧದಿಂದ ಹುಟ್ಟಿದ ರಿಜಿಸ್ಟರು ಅದು. ಪ್ರತಿ ಟ್ಯೂಬಿಗೆ ಒಂದು ಸಾಲು, 'ಕಾಗದ ನೋಡಿದೆ' ಎನ್ನುವ ಮನೆಯಲ್ಲಿ ಗುರುತು, ಪಕ್ಕದಲ್ಲಿ ಸಹಿ. ಹದಿನಾಲ್ಕು ತಿಂಗಳಲ್ಲಿ ತನ್ನ ಸಹಿ ಎಷ್ಟು ಎಂದು ಎಣಿಸಿದಳು. ಮೂವತ್ತೇಳು. ಮೂವತ್ತೇಳರ ಮುಂದೆಯೂ ಚೆಂದದ ಗುರುತು. ಆಮೇಲೆ ತನ್ನ ತಳ್ಳುಗಾಡಿಯ ಕಾಗದದ ಡಬ್ಬಿ ತಂದಳು. ಅವಳೇ ಒಡೆದದ್ದು, ಮುಚ್ಚಳದ ಮೇಲೆ ಹದಿನಾಲ್ಕು ತಿಂಗಳ ಹಿಂದಿನ ತಾರೀಕು ಅವಳದೇ ಅಕ್ಷರದಲ್ಲಿತ್ತು. ಆ ಗಾಡಿಯಿಂದ ಬೇರೆ ಡಬ್ಬಿ ಯಾರೂ ಒಡೆದಿರಲಿಲ್ಲ. ಅವಳು ಕ್ಲಾಸಿಗೆ ಹೋದ ದಿನ ಆ ಮಂಚಗಳನ್ನು ನೋಡುತ್ತಿದ್ದ ಗುಬ್ಬಿ ತನ್ನ ಡಬ್ಬಿಯನ್ನು ಜೇಬಿನಲ್ಲೇ ಇಟ್ಟುಕೊಂಡು ಬರುತ್ತಿದ್ದಳು. ದೊಡ್ಡಕ್ಕ ಕಾಗದಗಳನ್ನು ಸ್ಟೀಲಿನ ತಟ್ಟೆಗೆ ಸುರಿದು ಎಣಿಸಿದಳು. ಗುಬ್ಬಿಯ ಕೈಯಲ್ಲಿ ಇನ್ನೊಮ್ಮೆ ಎಣಿಕೆ ಮಾಡಿಸಿದಳು. ನೂರರಲ್ಲಿ ತೊಂಬತ್ತೊಂದು ಉಳಿದಿದ್ದವು.

ಮೂವತ್ತೇಳು ಸಲ ಗುರುತು ಹಾಕಿದ್ದಾಳೆ. ಕಾಗದ ಖರ್ಚಾಗಿದ್ದು ಒಂಬತ್ತು.

ಸುಳ್ಳು ಬರೆದಿದ್ದಳೇ? ಅವಳ ಕೈಯಲ್ಲಿ ಯಾವ ಆಣೆ ಹಾಕಿಸಿದ್ದರೂ ಇಲ್ಲ ಎನ್ನುತ್ತಿದ್ದಳು. ಆ ದಿನ ಬೆಳಗ್ಗೆ ಯಾರಾದರೂ, ನೀನು ಗಾಳಿ ಹಾಕಿ ನೋಡುವುದು ಬಿಟ್ಟು ಎಷ್ಟು ದಿನವಾಯಿತು ಎಂದು ಕೇಳಿದ್ದರೆ ವರ್ಷದ ಮೇಲಾಯಿತು ಎಂದು ಎದೆ ತಟ್ಟಿ ಹೇಳುತ್ತಿದ್ದಳು. ಮೊದಲ ತಿಂಗಳು ಮಾಡಿರಬೇಕು, ಎರಡನೇ ತಿಂಗಳು ಅಷ್ಟಿಷ್ಟು. ಆಮೇಲೆ ಕ್ಲಾಸಿನಲ್ಲಿ ಆ ಪಾಠವನ್ನು ಯಾರೂ ಕೇಳಲಿಲ್ಲ, ಕಲಿಯಲು ಹೋದ ಬೇರೆ ವಾರ್ಡುಗಳಲ್ಲಿ ಯಾಕೆ ಹೀಗೆ ಎಂದರೆ ಇಲ್ಲಿ ಹೀಗೇ ಎಂದರು, ಇಪ್ಪತ್ತನಾಲ್ಕು ವರ್ಷದ ಕೈ ತನ್ನ ಹಳೇ ದಾರಿಗೆ ಬಂದುಬಿಟ್ಟಿತು. ತಲೆ ಮಾತ್ರ ಹೊಸ ನಿಯಮ ಪಾಲಿಸುತ್ತಿದ್ದೇನೆ ಎಂದುಕೊಂಡು ಗುರುತು ಹಾಕುತ್ತಾ ಹೋಯಿತು. ದೊಡ್ಡಕ್ಕ ಎರಡು ಅಂಕಿಗಳನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡಳು.

ಅಂಕಪಟ್ಟಿ ಹೋಗಬೇಕಿದ್ದ ಕಚೇರಿ ಮುಚ್ಚಲು ಅರ್ಧ ಗಂಟೆಯಿತ್ತು. ದೊಡ್ಡಕ್ಕ ತನ್ನ ಮಂಚಗಳನ್ನು ಗುಬ್ಬಿಗೆ ಒಪ್ಪಿಸಿ ಹೊರಟು, ರಸ್ತೆ ದಾಟಿ, ಸಮವಸ್ತ್ರದಲ್ಲೇ ಮೇಡಂ ಕೋಣೆಗೆ ಹೋದಳು. ಮೇಜಿನ ಮೇಲೆ ಅಂಕಪಟ್ಟಿಗಳನ್ನು ಲಕೋಟೆಗೆ ಹಾಕುತ್ತಿದ್ದ ಮೇಡಂ ಅವಳ ಮುಖ ನೋಡಿ ಕುರ್ಚಿ ಎಳೆದರು. ಅವಳು ಗಡಿಯಾರದವರ ವಿಷಯ ಹೇಳಿದಳು. ಮೂವತ್ತೇಳು, ಒಂಬತ್ತು ಎಂದು ಬರೆದ ಚೀಟಿ ಮುಂದಿಟ್ಟಳು. ಮೇಡಂ ಚೀಟಿಯನ್ನು ಓದಿ ಕೆಳಗಿಟ್ಟರು. ಉಳಿದ ಇಪ್ಪತ್ತೆಂಟು ರೋಗಿಗಳಲ್ಲಿ ಯಾರಿಗಾದರೂ ಏನಾದರೂ ಆಯಿತೇ ಎಂದು ಕೇಳಿದರು.

ಆ ಪ್ರಶ್ನೆಯನ್ನು ದೊಡ್ಡಕ್ಕ ರಸ್ತೆ ದಾಟುವಾಗಲೇ ತನಗೆ ತಾನೇ ಕೇಳಿಕೊಂಡಿದ್ದಳು. ಇಬ್ಬರಿಗೆ ಎದೆಯಲ್ಲಿ ಸೋಂಕಾಗಿತ್ತು. ಒಬ್ಬರು ಉಳಿದಿರಲಿಲ್ಲ. ವಯಸ್ಸಾದವರು, ಮಲಗಿದಲ್ಲೇ ಇದ್ದವರು, ಅಂಥವರಿಗೆ ಅದು ಬರುವುದೇ ಎಂದು ಆಗ ಎಲ್ಲರೂ ಅಂದುಕೊಂಡಿದ್ದರು. ಅವರ ಮಗಳು ದೊಡ್ಡಕ್ಕನ ಕೈ ಹಿಡಿದು, ನೀವು ಸ್ವಂತ ತಾಯಿಯ ಹಾಗೆ ನೋಡಿಕೊಂಡಿರಿ ಎಂದು ಅತ್ತಿದ್ದಳು. ಟ್ಯೂಬಿನಿಂದ ಆದದ್ದೋ ಅಲ್ಲವೋ, ಇನ್ನು ಹೇಳಲು ಸಾಧ್ಯವಿರಲಿಲ್ಲ. ಎಷ್ಟು ಹುಡುಕಿದರೂ ಅದಕ್ಕೆ ಪುರಾವೆ ಸಿಗುವುದಿಲ್ಲ. ಅಷ್ಟನ್ನೂ ಅವಳು ಮೇಡಂಗೆ ಹೇಳಿದಳು.

"ಇದನ್ನ ನನಗೆ ತಂದು ತೋರಿಸ್ದೇ ಇದ್ದಿದ್ರೆ ನಿಮ್ಮದು ಪಾಸಾಗಿತ್ತು," ಎಂದರು ಮೇಡಂ. "ಸಹಿ ಆಗಿದೆ. ಗೊತ್ತಲ್ಲ?"

"ಗೊತ್ತು. ಆ ಕ್ಲಿನಿಕ್ಕಲ್ಲಿ ನಾನೊಬ್ಬಳೇ ಕೂತ್ಕೊಬೇಕು, ಮೇಡಂ. ಅಲ್ಲಿ ಕಾಗದ ಹಾಕಲ್ವಾ ಅಂತ ಕೇಳೋರು ಯಾರಿರ್ತಾರೆ?"

ಮೇಡಂ ಲಕೋಟೆಗಳ ನಡುವಿನಿಂದ ಅವಳ ಅಂಕಪಟ್ಟಿಯನ್ನು ಹುಡುಕಿ ತೆಗೆದರು. ಹರಿಯಲಿಲ್ಲ. ಡ್ರಾಯರಿನಲ್ಲಿಟ್ಟು ಮುಚ್ಚಿದರು. ಆರು ತಿಂಗಳು ಎಂದರು. ಮುಂದಿನ ವರ್ಷದಿಂದ ಈ ಪಾಠವನ್ನು ಮೊದಲ ಭಾಗದಲ್ಲಿ ಮುಗಿಸಿ ಕೈ ತೊಳೆದುಕೊಳ್ಳುವುದಿಲ್ಲ, ಪ್ರತಿ ತಿಂಗಳು ವಾರ್ಡಿಗೇ ಬಂದು ಕೈ ನೋಡುತ್ತೇನೆ, ಬಾಯಿ ಕೇಳುವುದಿಲ್ಲ ಎಂದರು. ಯಾರಿಗೆ ಹೇಳಿಕೊಂಡರೋ, ದೊಡ್ಡಕ್ಕನಿಗಂತೂ ಅದು ಅರ್ಧ ಮಾತ್ರ ಕೇಳಿಸಿತು.

ಮನೆಯಲ್ಲಿ ಅತ್ತೆ ಹೊಸ ಹಾಳೆ ಅಂಟಿಸಲೆಂದು ಫ್ರಿಜ್ಜಿನ ಮೇಲಿನ ಹಳೆಯದನ್ನು ತೆಗೆದು ಜಾಗ ಒರೆಸಿಟ್ಟಿದ್ದರು. ದೊಡ್ಡಕ್ಕ ನಿಂತಲ್ಲೇ ಎಲ್ಲ ಹೇಳಿದಳು, ಹದಿಮೂರನ್ನೂ ಸೇರಿಸಿ. ಅತ್ತೆ ಎದೆ ಹಿಡಿದುಕೊಂಡು ಕುರ್ಚಿಯಲ್ಲಿ ಕುಸಿದರು. ಕ್ಲಿನಿಕ್ಕು ಹೋಯಿತು ಎಂಬುದಕ್ಕಲ್ಲ; ನಿನ್ನ ಕೈಯಿಂದಲಾ, ನಿನ್ನ ಕೈಯಿಂದಲಾ ಎಂದು ಅದನ್ನೇ ಕೇಳಿದರು. ಗಂಡ, ಹೊಸ ಅಳತೆಪಟ್ಟಿ ತಂದ ಮೇಲೂ ನನ್ನ ಕೈ ಎರಡು ವರ್ಷ ಹಳೆಯದನ್ನೇ ಹುಡುಕುತ್ತಿತ್ತು, ಕೊನೆಗೆ ಹಳೆಯದನ್ನು ಒಲೆಗೆ ಹಾಕಿದೆ ಎಂದು ಮಾತ್ರ ಹೇಳಿದ. ಹಾಗೆ ಒಲೆಗೆ ಹಾಕಲು ತನ್ನ ಹತ್ತಿರ ಇರುವುದಾದರೂ ಏನು ಎಂದು ಅವಳಿಗೆ ಹೊಳೆಯಲಿಲ್ಲ.

ಮರುದಿನ ಮಧ್ಯಾಹ್ನವೂ ಡ್ಯೂಟಿ. ಗಡಿಯಾರದವರಿಗೆ ಎರಡು ಗಂಟೆಯ ಫೀಡು ಕೊಡಬೇಕಿತ್ತು. ಹಿಂದಿನ ದಿನದ್ದಾದ ಮೇಲೆ, ಅವರಿಗೆ ಪ್ರತಿ ಫೀಡಿಗೂ ಮುಂಚೆ ಟ್ಯೂಬು ಇದ್ದಲ್ಲೇ ಇದೆಯೇ ಎಂದು ಕಾಗದ ಹಾಕಿ ನೋಡಬೇಕೆಂದು ವಾರ್ಡಿನ ಡಾಕ್ಟರು ಬರೆದಿದ್ದರು. ದೊಡ್ಡಕ್ಕ ಕಾಗದದ ಡಬ್ಬಿಯನ್ನು ಮೊದಲೇ ತೆಗೆದು ರೋಗಿಯ ದಿಂಬಿನ ಪಕ್ಕ, ಕಣ್ಣಿಗೆ ಹೊಡೆಯುವ ಹಾಗೆ ಇಟ್ಟಳು. ಕೈ ತೊಳೆದಳು. ಮಂಚದ ತಲೆಭಾಗ ಏರಿಸಿದಳು. ಸ್ಟೂಲಿನಲ್ಲಿ ಕೂತ ಹೆಂಡತಿಯ ಕಡೆ ನೋಡಿದಾಗ ಆಕೆಯ ತುಟಿ ಅಲುಗುತ್ತಿತ್ತು. ಏನೋ ಹೇಳುತ್ತಿದ್ದಾರೆ, ಆದರೆ ದನಿ ಇಲ್ಲ. ಏನಮ್ಮಾ ಎಂದಳು ದೊಡ್ಡಕ್ಕ. ತುಟಿ ಮತ್ತೆ ಅಲುಗಿತು. ಆಮೇಲೆ ಆಕೆ ಕೈ ಎತ್ತಿ ತನ್ನ ಕಿವಿ ಮುಟ್ಟಿ ತೋರಿಸಿದರು.

ದೊಡ್ಡಕ್ಕ ತನ್ನ ಕಿವಿ ಮುಟ್ಟಿಕೊಂಡಳು. ಸ್ಟೆತಾಸ್ಕೋಪು ಆಗಲೇ ಕಿವಿಯಲ್ಲಿತ್ತು. ಎಡಗೈಯಲ್ಲಿ ಸಿರಿಂಜು, ಹಿಡಿಕೆ ಅರ್ಧ ಹಿಂದಕ್ಕೆ ಬಂದು ಗಾಳಿ ತುಂಬಿತ್ತು. ಯಾವಾಗ ತುಂಬಿದಳೋ ಅವಳಿಗೆ ಗೊತ್ತಾಗಿರಲಿಲ್ಲ.

ಅವಳು ಸ್ಟೆತಾಸ್ಕೋಪನ್ನು ಕಿವಿಯಿಂದ ತೆಗೆದು, ಕೊರಳಿಂದಲೂ ತೆಗೆದು, ಗುಬ್ಬಿಯನ್ನು ಕರೆದು ಅವಳ ಕೈಗೆ ಕೊಟ್ಟಳು. ಸ್ಟ್ಯಾಂಡಿಗೆ ಹಾಕಿದ್ದ ಫೀಡಿನ ಬಾಟಲಿಯನ್ನು ಇಳಿಸಿ ಗಡಿಯಾರದವರ ಹೆಂಡತಿಯ ಮಡಿಲಲ್ಲಿಟ್ಟಳು.

"ಇದು ನಿಮ್ಮ ಹತ್ರ ಇರ್ಲಿ, ಅಮ್ಮಾ. ಕಾಗದದ ಬಣ್ಣ ನಿಮಗೆ ತೋರಿಸ್ತೀನಿ. ನೀವು ನೋಡೋವರೆಗೂ ನಾನು ಎಷ್ಟು ಕೇಳಿದ್ರೂ ಕೊಡಬೇಡಿ."

ಆಕೆ ಬಾಟಲಿಯನ್ನು ಎರಡೂ ಕೈಯಲ್ಲಿ ಭದ್ರವಾಗಿ ಹಿಡಿದುಕೊಂಡರು.